ಭಾಷಾಂತರದಲ್ಲಿ ಪಿಎಚ್.ಡಿ.: ಎರಡು ವಿಶ್ವವಿದ್ಯಾಲಯಗಳ ನೆರವು ಪಡೆಯುವ ಬಗೆ

ಭಾಷಾಂತರ ಅಧ್ಯಯನದಲ್ಲಿ ಪಿಎಚ್.ಡಿ. ಮಾಡಬಯಸುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವಿಶ್ವವಿದ್ಯಾಲಯವನ್ನಲ್ಲ, ಪಠ್ಯಗಳನ್ನು. ಕನ್ನಡ ಕಥೆಗಳ ತೆಲುಗು ಮತ್ತು ಇಂಗ್ಲಿಷ್ ಅನುವಾದಗಳನ್ನು ಹೋಲಿಸುವುದಾದರೆ, ಹಾಳೆಯೊಂದರಲ್ಲಿ ಮೂರು ಅಂಕಣ ಎಳೆದು, ‘ಕರುಳು ಚುರುಕ್ಕೆಂದಿತು’ ಎಂಬಂಥ ಇಪ್ಪತ್ತು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು ನೋಡಿ. ಕರುಳು ಒಂದು ಕಡೆ ಹೃದಯವಾಗಿ, ಇನ್ನೊಂದು ಕಡೆ ಬರಿಯ ದುಃಖವಾಗಿ ಮಾರ್ಪಟ್ಟಿದ್ದರೆ ಸಂಶೋಧನೆಯ ಪ್ರಶ್ನೆ ಅಲ್ಲೇ ಸಿಗುತ್ತದೆ. ಅದೇ ಪ್ರಶ್ನೆಯ ಮೇಲೆ ಈಗಾಗಲೇ ಪ್ರಬಂಧ ಬಂದಿದೆಯೇ ಎಂಬುದನ್ನು ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕಿ.

ಇಂಥ ವಿಷಯಕ್ಕೆ ಒಬ್ಬರೇ ಮಾರ್ಗದರ್ಶಕರು ಸಾಲುವುದು ಅಪರೂಪ. ಅಂತರ್‌ಶಿಸ್ತೀಯ ಸಂಶೋಧನೆಗೆ ಬೇರೆ ವಿಶ್ವವಿದ್ಯಾಲಯದ ಸಹಮಾರ್ಗದರ್ಶಕರನ್ನು ಪಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಲ್ಲಿ ಅವಕಾಶವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡವರು, ತೆಲುಗಿನ ಭಾಗಕ್ಕಾಗಿ, ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾವಿಜ್ಞಾನ ಮತ್ತು ಭಾಷಾಂತರ ಅಧ್ಯಯನ ಕೇಂದ್ರದ ಅಧ್ಯಾಪಕರನ್ನು ಕೇಳಿ ನೋಡಬಹುದು. ಬಾಯಿಮಾತಿನ ಒಪ್ಪಿಗೆಯನ್ನು ಮಾತ್ರ ನೆಚ್ಚಬೇಡಿ. ಯಾವ ಅಧ್ಯಾಯವನ್ನು ಯಾರು ಓದುತ್ತಾರೆ, ಇಬ್ಬರ ಅಭಿಪ್ರಾಯ ಬೇರೆಯಾದಾಗ ಯಾರ ಮಾತು ನಡೆಯುತ್ತದೆ ಎಂಬುದನ್ನು ಬರಹದಲ್ಲಿ ಪಡೆದು, ನಿಮ್ಮ ಕೆಲಸದ ಪ್ರಗತಿಯನ್ನು ಪರಿಶೀಲಿಸುವ ಸಂಶೋಧನಾ ಸಲಹಾ ಸಮಿತಿಯ ಮೊದಲ ಸಭೆಯಲ್ಲೇ ದಾಖಲಿಸಿಕೊಳ್ಳಿ. ಈ ಎರಡನೆಯ ಪ್ರಶ್ನೆಯನ್ನು ಸಂಕೋಚದಿಂದ ಕೇಳದೇ ಬಿಡುವವರೇ ಹೆಚ್ಚು.

ಅದೇ ನಿಯಮಾವಳಿಯಂತೆ ಕೋರ್ಸ್‌ವರ್ಕ್‌ಗೆ, ಅಂದರೆ ಪಿಎಚ್.ಡಿ.ಯ ಭಾಗವಾಗಿ ಓದಿ ಮುಗಿಸಬೇಕಾದ ಪಾಠಗಳಿಗೆ, ಕನಿಷ್ಠ 12 ಕ್ರೆಡಿಟ್ ಬೇಕು, ಒಟ್ಟು ಅವಧಿ ಕನಿಷ್ಠ 3 ವರ್ಷ. ಪ್ರಬಂಧ ಒಂದು ರೂಪಕ್ಕೆ ಬಂದ ಮೇಲೆ, ಬೆಲ್ಜಿಯಂನಲ್ಲಿ 1989ರಲ್ಲಿ ಆರಂಭವಾದ, ಭಾಷಾಂತರ ಸಂಶೋಧಕರಿಗಾಗಿ ನಡೆಯುವ ಸೆಟ್ರಾ (CETRA) ಬೇಸಿಗೆ ಶಾಲೆಗೆ ಅರ್ಜಿ ಹಾಕಬಹುದು. ಅಲ್ಲಿ ನಾನಾ ದೇಶಗಳ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಹಿರಿಯ ವಿದ್ವಾಂಸರ ಮುಂದಿಡುತ್ತಾರೆ. ಹೋಗುವಾಗ ಆ ಮೂರು ಅಂಕಣದ ಹಾಳೆ ಜೊತೆಗಿರಲಿ, ಕನ್ನಡ ವಾಕ್ಯಗಳಿಗೆ ಪದಶಃ ಅರ್ಥ ಬರೆದ ನಾಲ್ಕನೆಯ ಅಂಕಣವನ್ನೂ ಸೇರಿಸಿ.