ಪ್ರೋಟೀನ್ ಫೈಲಿಗೆ ಸುಣ್ಣ ಬಳಿದ ಕತೆ

ಕ್ಯಾಲ್ಮೊಡ್ಯುಲಿನ್ ಪ್ರೋಟೀನು ಹಿಡಿದುಕೊಳ್ಳುವುದು ನಾಲ್ಕೇ ಕ್ಯಾಲ್ಸಿಯಂ. ಅದರ ಪರಮಾಣುಗಳ ಪಟ್ಟಿಯಿರುವ ಫೈಲನ್ನು ನಾನು ತಿದ್ದಿ, ತೆರೆದು ನೋಡಿದರೆ ನೂರಕ್ಕೂ ಹೆಚ್ಚು! ಪ್ರೋಟೀನಿಗೆ ಮೈತುಂಬಾ ಸುಣ್ಣ ಬಳಿದಂತಿತ್ತು.

ತಪ್ಪು ನನ್ನದೇ. ಪ್ರೋಟೀನ್ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಿಂದ (ಪಿಡಿಬಿ) ಕ್ಯಾಲ್ಮೊಡ್ಯುಲಿನ್‌ನ ಫೈಲು 1ಸಿಎಲ್‌ಎಲ್ ಇಳಿಸಿಕೊಂಡು ಚೈನ್ (ಪ್ರೋಟೀನಿನ ಸರಪಳಿ) ಹೆಸರನ್ನು 'ಎ'ಯಿಂದ 'ಬಿ' ಮಾಡಬೇಕಿತ್ತು, ಅಷ್ಟೇ. ಇದಕ್ಕೂ ಒಂದು ಟೂಲ್ ಬೇಕೇ ಅಂತ, ಸಾಲುಗಳನ್ನು ಪದಪದವಾಗಿ ತಿದ್ದುವ ಆಕ್‌ನಲ್ಲಿ ಒಂದು ಸಾಲು ಗೀಚಿದೆ. ಐದನೇ ಫೀಲ್ಡ್, ಅಂದರೆ ಚೈನ್ ಹೆಸರು, ಬದಲಿಸಿದ ಕೂಡಲೇ ಆಕ್ ಇಡೀ ಸಾಲನ್ನು ಹೊಸದಾಗಿ ಜೋಡಿಸಿ, ನಡುವೆ ಒಂದೊಂದೇ ಸ್ಪೇಸ್ ಬಿಟ್ಟಿತು. ಪಿಡಿಬಿ ಫಾರ್ಮ್ಯಾಟ್ ಪಂಚ್ ಕಾರ್ಡ್ ಕಾಲದ್ದು. 80 ಅಕ್ಷರದ ಸಾಲಿನಲ್ಲಿ ಪ್ರತಿಯೊಂದಕ್ಕೂ ಗೊತ್ತಾದ ಕಾಲಂ ಇದೆ, ಜರುಗಿದರೆ ಕೆಟ್ಟಿತು. ಸರಿ, ಅಕ್ಷರಗಳ ಜಾಗ ಗೊತ್ತುಮಾಡುವ ಪ್ರಿಂಟ್‌ಎಫ್ ಹಾಕಿ ಕಾಲಂ ಸರಿಮಾಡಿದೆ. ಅಲ್ಲೇ ಎಡವಿದ್ದು. ಪ್ರೋಟೀನಿನ ಪ್ರತಿ ಅಮೈನೋ ಆಮ್ಲದಲ್ಲೂ ಇರುವ ಆಲ್ಫಾ ಕಾರ್ಬನ್, ಕ್ಯಾಲ್ಸಿಯಂ ಎರಡರ ಹೆಸರೂ 'ಸಿಎ'. ಕಾರ್ಬನ್ನಿನದು 14ನೇ ಕಾಲಮ್ಮಿನಿಂದ ಶುರು, ಕ್ಯಾಲ್ಸಿಯಂದು 13ರಿಂದ. ನಾನು ಎಲ್ಲವನ್ನೂ ಎಡಕ್ಕೆ ಒತ್ತಿ 13ಕ್ಕೆ ತಂದಿದ್ದೆ. ಸಾಲದ್ದಕ್ಕೆ 77-78ರಲ್ಲಿರುವ ಮೂಲವಸ್ತುವಿನ ಹೆಸರನ್ನೂ ಬಿಟ್ಟಿದ್ದೆ. ಫೈಲು ತೆರೆದು ತೋರಿಸುವ ಪ್ರೋಗ್ರಾಮ್ ಪಾಪ, ಕಂಡದ್ದನ್ನು ನಂಬಿತು.

ಆಮೇಲೆ ಪಿಡಿಬಿ-ಟೂಲ್ಸ್ ಹಾಕಿಕೊಂಡೆ. ಪೈಥಾನಿನ ಪುಟ್ಟ ಪುಟ್ಟ ಪ್ರೋಗ್ರಾಮುಗಳು. ಒಂದು ಚೈನ್ ಆರಿಸುತ್ತದೆ, ಒಂದು ಹೆಸರು ಬದಲಿಸುತ್ತದೆ, ಒಂದು ಕೊನೆಯಲ್ಲಿ ಒಪ್ಪಓರಣ ಮಾಡುತ್ತದೆ. ಒಂದು ಕೊಟ್ಟದ್ದು ಇನ್ನೊಂದಕ್ಕೆ ಹೋಗುವಂತೆ ಪೈಪ್ ಹಾಕಿ ಪೋಣಿಸಿದರೆ ಆಯಿತು. ಸಣ್ಣ ಅಣುಗಳಾದರೆ ಫಾರ್ಮ್ಯಾಟ್ ಬದಲಿಸುವ ಓಪನ್ ಬೇಬಲ್ ಬಳಸುತ್ತೇನೆ, ಪ್ರೋಟೀನನ್ನು ಮಾತ್ರ ಅದರ ಕೈಗೆ ಕೊಡುವುದಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಪಿಡಿಬಿ ಸಾಲಿನಲ್ಲಿ ಪರಮಾಣುವಿನ ಕ್ರಮಸಂಖ್ಯೆಗೆ ಐದು ಅಂಕಿ, ಅಂದರೆ 99,999ಕ್ಕೆ ನಿಲ್ಲಬೇಕು. ಚೈನ್‌ಗೆ ಒಂದೇ ಅಕ್ಷರ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ದೊಡ್ಡದು; ಮನುಷ್ಯರ ರೈಬೋಸೋಮಿನ ಫೈಲು 4ವಿ6ಎಕ್ಸ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಬ್ಯಾಂಕಿನವರು 2014ರಲ್ಲೇ, ಇಂಥ ಮಿತಿಯಿಲ್ಲದ ಎಂಎಂಸಿಐಎಫ್ ಅನ್ನು ಮುಖ್ಯ ಫಾರ್ಮ್ಯಾಟ್ ಮಾಡಿಕೊಂಡಿದ್ದರು, ನಾನೂ ಅತ್ತ ಹೊರಳಿದೆ. ಈ ಫೈಲಿನಲ್ಲಿ ಚೈನ್‌ಗೆ ಎರಡೆರಡು ಹೆಸರು: ಬ್ಯಾಂಕಿನವರು ಕೊಟ್ಟ 'ಲೇಬಲ್' ಒಂದು, ಸಂಶೋಧಕರು ಕೊಟ್ಟ 'ಆಥ್' ಇನ್ನೊಂದು. ನನ್ನ ಸ್ಕ್ರಿಪ್ಟ್ ಲೇಬಲ್ ನೋಡಿ 'ಎ' ಚೈನ್ ಎತ್ತಿಕೊಂಡಿತು. ಆಥ್ ಲೆಕ್ಕದಲ್ಲಿ ಕ್ಯಾಲ್ಸಿಯಂಗಳೂ 'ಎ'ಯಲ್ಲೇ ಇದ್ದರೂ, ಲೇಬಲ್‌ನಲ್ಲಿ ಅವುಗಳದು ಒಂದೊಂದಕ್ಕೂ ಬೇರೆ ಬೇರೆ ಮನೆ. ಮೊದಲ ಸಲ ನೂರು ದಾಟಿದ್ದವು, ಈ ಸಲ ಒಂದೂ ಇಲ್ಲ. ಎರರ್ ಮೆಸೇಜು? ಅದೂ ಇಲ್ಲ.

ಫಾರ್ಮ್ಯಾಟ್ ಬದಲಿಸಲು ಈಗ ಜೆಮ್ಮಿ ಅನ್ನುವ ಟೂಲ್ ಬಳಸುತ್ತೇನೆ. 'ಜೆಮ್ಮಿ ಕನ್ವರ್ಟ್' ಅಂದು ಹಳೆಯ ಫೈಲು, ಹೊಸ ಫೈಲು ಎರಡರ ಹೆಸರು ಕೊಟ್ಟರೆ ಸಾಕು, ಬಾಲದ ಎಕ್ಸ್‌ಟೆನ್ಷನ್ ನೋಡಿ ಫಾರ್ಮ್ಯಾಟ್ ತಾನೇ ತಿಳಿದುಕೊಳ್ಳುತ್ತದೆ. ಆದರೂ ಹೊಸ ಟೂಲ್ ಯಾವುದೇ ಬರಲಿ, ಮೊದಲು 1ಸಿಎಲ್‌ಎಲ್ ಕೊಟ್ಟು, ಸಾಲು ಹುಡುಕುವ ಗ್ರೆಪ್‌ನಿಂದ 'ಹೆಟ್ಆಟಮ್' (ಪ್ರೋಟೀನ್ ಸರಪಳಿಗೆ ಸೇರದ ಪರಮಾಣುಗಳ) ಸಾಲುಗಳನ್ನು ಹೆಕ್ಕಿ ಕ್ಯಾಲ್ಸಿಯಂ ಎಣಿಸುತ್ತೇನೆ. ಜೆಮ್ಮಿಯಿಂದ ಬಂದ ಫೈಲಿನಲ್ಲಿ ನಾಲ್ಕೂ ಇದ್ದವು.