ಎಂಟಿಬಿಯಿಂದ ರೋಡ್ ಬೈಕ್‌ಗೆ: 45 ಸಾವಿರದೊಳಗೆ ನಾನು ಆರಿಸಿದ್ದು ಹೀಗೆ

ನನಗೆ ರೇಸು ಗೀಸಿನ ಹುಚ್ಚಿಲ್ಲ. ಯಲಹಂಕದ ಕಡೆಯ ಅವಲಹಳ್ಳಿ ಕಾಡಿನ ಮಣ್ಣಿನ ದಾರಿಗಳಲ್ಲಿ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಓಡಿಸಿಕೊಂಡು ಆರಾಮಾಗಿದ್ದವನು. ಟಾರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಸೈಕಲ್, ಅಂದರೆ ರೋಡ್ ಬೈಕ್, ಬೇಕು ಅನಿಸಿದ್ದು ಎರಡು ಕಾರಣಕ್ಕೆ: ನಂದಿ ಬೆಟ್ಟ, ಆಮೇಲೆ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ). ಬ್ರೆವೆಗೆ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ, ಎಂಟಿಬಿಯಲ್ಲೇ ಮುಗಿಸುವ ಗಟ್ಟಿಗರೂ ಇದ್ದಾರೆ. ಆದರೆ ದಪ್ಪ ಉಬ್ಬುಗಳ ಟೈರು ಟಾರಿನ ಮೇಲೆ ಗುಂಯ್ ಅನ್ನುವುದನ್ನು ದಿನವಿಡೀ ಕೇಳುವ ತಾಳ್ಮೆ ನನಗಿಲ್ಲ.

ಯಾರನ್ನು ಕೇಳಿದರೂ ಮೊದಲು ತೂಕದ ಮಾತು. ಕಾರ್ಬನ್ ತಗೋ, ಒಂಬತ್ತು ಕೆ.ಜಿ. ಒಳಗಿರಲಿ, ಅಂತೆಲ್ಲ. ನನ್ನ ಬಜೆಟ್ಟಿಗೆ ಅದು ಸುಮ್ನೆ ಮಾತು. ಹೊಟ್ಟೆ ಎರಡು ಕೆ.ಜಿ. ಇಳಿಸಿದರೆ ಪುಕ್ಕಟೆ ಅಲ್ವಾ! ನಾನು ನೋಡಿದ್ದು ಎರಡೇ: ಹಿಂದಿನ ಕ್ಯಾಸೆಟ್ಟಿನ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ಅತಿ ದೊಡ್ಡ ಗಾಲಿಗೆ ಎಷ್ಟು ಹಲ್ಲು, ಮತ್ತು ಫ್ರೇಮಿನಲ್ಲಿ ಟೈರಿಗಿರುವ ಜಾಗ.

ಗೇರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಂಟಿಬಿಯವರಿಗೆ ಮೊದಲು ಹೊಡೆತ ಬೀಳುವುದು ಇಲ್ಲೇ. ನನ್ನ ಎಂಟಿಬಿಯಲ್ಲಿ ಅತಿ ಹಗುರ ಗೇರು ಅಂದರೆ ಮುಂದೆ 32 ಹಲ್ಲು, ಹಿಂದೆ 51. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಒಂದೂವರೆ ಮೀಟರ್ ಕೂಡ ಹೋಗುವುದಿಲ್ಲ, ಅಂದರೆ ಗೋಡೆ ಬೇಕಾದರೂ ಹತ್ತಬಹುದು. ಸಾಮಾನ್ಯ ರೋಡ್ ಬೈಕಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಗಾಲಿ, ಹಿಂದೆ 11ರಿಂದ 28 ಹಲ್ಲಿನವರೆಗೆ (11-28). ಅತಿ ಹಗುರ ಗೇರಿನಲ್ಲೂ ಒಂದು ಸುತ್ತಿಗೆ ಎರಡೂವರೆ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿಯಬೇಕಂದರೆ ಗಂಟೆಗೆ ಒಂಬತ್ತು ಕಿ.ಮೀ. ಮೇಲೆ ಹೋಗಲೇಬೇಕು. ನಂದಿಯ ಏಳೆಂಟು ಕಿ.ಮೀ. ಏರಿನಲ್ಲಿ, ಅದರಲ್ಲೂ ಕಡಿದಾದ ತಿರುವುಗಳಲ್ಲಿ, ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಹಿಂದೆ 34 ಹಲ್ಲು ಇದ್ದರೆ ಅದೇ ತುಳಿತಕ್ಕೆ ಏಳೂವರೆ ಚಿಲ್ಲರೆ ವೇಗ ಸಾಕು. ಅಂಗಡಿಯಲ್ಲಿ "ಕ್ಲಾರಿಸ್ ಸಾರ್, ಸೋರಾ ಸಾರ್" ಅಂತ ಶಿಮಾನೋ ಕಂಪನಿಯ ಗ್ರೂಪ್‌ಸೆಟ್ (ಗೇರು, ಬ್ರೇಕಿನ ಭಾಗಗಳ ಸೆಟ್) ಹೆಸರು ಹೇಳುತ್ತಾರೆ. ಕ್ಲಾರಿಸ್ ಅಂದರೆ ಹಿಂದೆ 8 ಗೇರು, ಸೋರಾ 9, ಟಿಯಾಗ್ರಾ 10, ಅಷ್ಟೇ. ಬೆಟ್ಟ ಹತ್ತಿಸುವುದು ಆ ಹೆಸರಲ್ಲ, ಹಲ್ಲಿನ ಲೆಕ್ಕ.

ಟೈರಿನ ವಿಷಯಕ್ಕೆ ಬಂದರೆ, ನಮ್ಮ ಬೆಂಗಳೂರಿನ ರಸ್ತೆ ನಿಮಗೆ ಗೊತ್ತೇ ಇದೆ. ಹಂಪು, ಗುಂಡಿ, ಅಗೆದು ಅರ್ಧ ಮುಚ್ಚಿದ ಕೇಬಲ್ ಸಾಲು. 28 ಎಂಎಂ ಟೈರು ಹಿಡಿಸದ ಫ್ರೇಮನ್ನು ನಾನು ಮುಟ್ಟಲೇ ಇಲ್ಲ. ರಿಮ್ ಬ್ರೇಕಿನ (ಚಕ್ರದ ಅಂಚನ್ನೇ ಹಿಡಿಯುವ ಬ್ರೇಕು) ಹಳೆ ಫ್ರೇಮುಗಳಲ್ಲಿ ಎಷ್ಟೋ 25ಕ್ಕೇ ನಿಲ್ಲುತ್ತವೆ, ನೋಡಿಕೊಳ್ಳಿ. ಡಿಸ್ಕ್ ಇದ್ದರೆ ಜಾಗ ಜಾಸ್ತಿ ಸಿಗುತ್ತದೆ, ನಿಜ. ಆದರೆ ಈ ಬೆಲೆಗೆ ಸಿಗುವುದು ಕೇಬಲ್ ಎಳೆಯುವ ಡಿಸ್ಕ್. ಎಂಟಿಬಿಯ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಬ್ರೇಕನ್ನು ಒಂದೇ ಬೆರಳಲ್ಲಿ ಹಿಡಿದು ಅಭ್ಯಾಸ ಆದವರಿಗೆ ಅದು ಹಿಡಿಸುವುದು ಕಷ್ಟ. ಅಗ್ಗದ ಡಿಸ್ಕಿಗಿಂತ ಒಳ್ಳೆಯ ರಿಮ್ ಬ್ರೇಕೇ ವಾಸಿ ಅಂತ ನನ್ನ ಅಭಿಪ್ರಾಯ. ಮಳೆಯಲ್ಲಿ ಜಾಸ್ತಿ ಓಡಿಸುವವರು ಬೇರೆ ಹೇಳಬಹುದು.

ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ನೋಡೋಣ ಅಂತ ಹೊರಟೆ. 2020ರ ಲಾಕ್‌ಡೌನ್ ಹೊತ್ತಲ್ಲಿ ಕೊಂಡು, ಆಮೇಲೆ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿರುವ ಸೈಕಲ್ಲುಗಳು ಈ ಊರಲ್ಲಿ ಬೇಕಾದಷ್ಟಿವೆ. "ತುಂಬಾ ಕಡಿಮೆ ಓಡಿಸಿದ್ದು" ಅನ್ನುತ್ತಾರೆ, ಸುಳ್ಳೇನಲ್ಲ, ಆದರೆ ಓಡದೆ ಒಳಗೇ ಟ್ರೈನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ನಿಂತ ಸೈಕಲ್ಲಿಗೆ ಬೇರೆ ಕಾಯಿಲೆ ಬರುತ್ತದೆ: ಬೆವರು. ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಳಪಳ ಹೊಳೆಯುತ್ತಿದ್ದ ಸೈಕಲ್ ನೋಡಿದೆ. ಹ್ಯಾಂಡಲ್ ಟೇಪಿನ ತುದಿಯನ್ನು ಕೇಳಿಕೊಂಡು ಸ್ವಲ್ಪ ಬಿಚ್ಚಿದರೆ ಒಳಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕೂತಿತ್ತು, ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟುಗಳು ತುಕ್ಕು. ಸೀಟ್‌ಪೋಸ್ಟ್ ಕ್ಲಾಂಪ್ ಸಡಿಲಿಸಿ ತಿರುಗಿಸಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ.

ಕೊನೆಗೆ ತಗೊಂಡಿದ್ದು ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಸೋರಾ, 38 ಸಾವಿರ. ಚೈನ್ ಸವೆತ ಅಳೆಯುವ ಚೈನ್ ಚೆಕರ್ ಇಟ್ಟರೆ 0.75ರ ತುದಿ ಸಲೀಸಾಗಿ ಒಳಗೆ ಬಿತ್ತು, ಅಂದರೆ ಚೈನ್ ಸವೆದಿದೆ. ಅದನ್ನೇ ತೋರಿಸಿ ಚೌಕಾಸಿ ಮಾಡಿದೆ. ಹೇಗೂ ಚೈನ್, ಕ್ಯಾಸೆಟ್ ಬದಲಿಸುವವನೇ ಇದ್ದೆ, ಅದನ್ನು ಮಾತ್ರ ಹೇಳಲಿಲ್ಲ.

ಇಲ್ಲಿ ಎಂಟಿಬಿಯವರ ಹಳೆ ಡಬ್ಬಿ ಕೈಹಿಡಿಯುತ್ತದೆ. ಕೊಂಡ ಸೈಕಲ್ಲಿನಲ್ಲಿದ್ದ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಗಿಡ್ಡ ತೋಳಿನದು, 34ರ ಹಲ್ಲು ಅದಕ್ಕೆ ಆಗುವುದಿಲ್ಲ. ಶಿಮಾನೋದಲ್ಲಿ 9 ಸ್ಪೀಡ್ (ಹಿಂದೆ 9 ಗೇರು) ತನಕ ರೋಡಿಗೂ ಎಂಟಿಬಿಗೂ ಕೇಬಲ್ ಎಳೆತದ ಅಳತೆ ಒಂದೇ. ಹಾಗಾಗಿ ಡಬ್ಬಿಯಲ್ಲಿದ್ದ ನನ್ನ ಹಳೆಯ 9 ಸ್ಪೀಡ್ ಎಂಟಿಬಿ ಡಿರೇಲರ್ (ಆಲಿವಿಯೋ) ಹಾಕಿ, 11-34 ಕ್ಯಾಸೆಟ್, ಉದ್ದ ಚೈನ್ ಕೂಡಿಸಿದೆ. ಸೋರಾ ಶಿಫ್ಟರ್ (ಗೇರ್ ಬದಲಿಸುವ ಲಿವರ್) ತಕರಾರಿಲ್ಲದೆ ಒಪ್ಪಿಕೊಂಡಿತು. 10 ಸ್ಪೀಡಿನ ಎಂಟಿಬಿ ಡಿರೇಲರ್ ಹಾಕಲು ಹೋಗಬೇಡಿ, ಅದರ ಅಳತೆಯೇ ಬೇರೆ. ಶೂ ಕಚ್ಚಿಕೊಳ್ಳುವ ಎಸ್‌ಪಿಡಿ ಪೆಡಲ್, ಶೂ ಎರಡೂ ಎಂಟಿಬಿಯವೇ. ಅಡಿಯಲ್ಲಿ ಮೂರು ಬೋಲ್ಟಿನ ಕ್ಲೀಟ್ ಚಾಚಿಕೊಂಡಿರುವ ರೋಡ್ ಶೂ ಹಾಕಿಕೊಂಡು ದಾರಿಯ ಹೋಟೆಲಿನ ನುಣುಪು ನೆಲದಲ್ಲಿ ಬಾತುಕೋಳಿ ಥರ ನಡೆಯುವುದು ನನಗೆ ಬೇಕಿಲ್ಲ.

ಸೈಜಿನಲ್ಲಿ ಎಂಟಿಬಿಯ ನಂಬರು ನೋಡಿ ಹೋಗಬೇಡಿ. ನನ್ನ ಎಂಟಿಬಿಯ ರೀಚ್ (ಪೆಡಲ್ ಅಚ್ಚಿನಿಂದ ಫ್ರೇಮಿನ ಮುಂದಿನ ಕೊಳವೆಯ ತಲೆವರೆಗಿನ ಅಡ್ಡ ಅಳತೆ) 450 ಎಂಎಂ, ಈ ರೋಡ್ ಬೈಕಿನದು 380 ಹತ್ತಿರ. ಆದರೂ ಕೂತರೆ ಇದೇ ಉದ್ದ ಅನಿಸುತ್ತದೆ, ಯಾಕಂದರೆ ಸ್ಟೆಮ್ ಉದ್ದ, ಕೈ ಇಡುವ ಹುಡ್ (ಬ್ರೇಕ್ ಲಿವರಿನ ರಬ್ಬರ್ ಮೇಲ್ಭಾಗ) ಇನ್ನೂ ಮುಂದೆ. ನಾನು 100ರ ಸ್ಟೆಮ್ ತೆಗೆದು 80 ಹಾಕಿಸಿದ ಮೇಲೆ ಕುತ್ತಿಗೆ ನೋವು ಹೋಯಿತು.

ಇಳಿಜಾರಿನಲ್ಲಿ ಹುಡ್ ಮೇಲಿಂದ ಬ್ರೇಕ್ ಹಿಡಿದರೆ ಬಲ ಸಾಲುವುದಿಲ್ಲ, ಕೈ ಕೆಳಗೆ ಡ್ರಾಪ್ಸಿಗೆ (ಹ್ಯಾಂಡಲ್ಲಿನ ಬಾಗಿದ ಕೆಳಭಾಗ) ಹೋಗಬೇಕು. ನಂದಿ ಇಳಿಯುವ ಮೊದಲು ಖಾಲಿ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಗಾಳಿಯನ್ನು ಎಂಟಿಬಿ ಥರ 25 ಪಿಎಸ್‌ಐ ಇಟ್ಟರೆ ಮೊದಲ ಗುಂಡಿಯಲ್ಲೇ ಟ್ಯೂಬ್ ಹೋಗುತ್ತದೆ. ನನ್ನ 72 ಕೆ.ಜಿ.ಗೆ 28ರ ಟೈರಿನಲ್ಲಿ 75 ಆಸುಪಾಸು ಇಡುತ್ತೇನೆ.

ಚೈನ್ ಚೆಕರ್, ಅಲೆನ್ ಕೀ ಬಳಸಿ ಗೊತ್ತಿಲ್ಲದವರು, ಜೊತೆಗೆ ಗೊತ್ತಿರುವ ಸ್ನೇಹಿತರೂ ಇಲ್ಲದವರು, ಸೆಕೆಂಡ್ ಹ್ಯಾಂಡ್ ತಂಟೆಗೆ ಹೋಗದೆ ಇನ್ನೂ ಸ್ವಲ್ಪ ದುಡ್ಡು ಸೇರಿಸಿ ಹೊಸ ಕ್ಲಾರಿಸ್ ಸೈಕಲ್ ತಗೊಳ್ಳಿ. 11-32ರ ಕ್ಯಾಸೆಟ್ ಇದ್ದರೆ ಸಾಕು, ಅಂಗಡಿಯವರು ಹಾಕಿಕೊಡುತ್ತಾರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ.