ಮನೆಗೆ ಹತ್ತು ರೂಪಾಯಿ: ನಮ್ಮ ಕೇಬಲ್‌ನಲ್ಲಿ ಕನ್ನಡ ವಾರ್ತೆ ನಡೆಸಿದ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದು ಕೇಬಲ್ ಲೈನು. ಆರುನೂರ ಚಿಲ್ಲರೆ ಕನೆಕ್ಷನ್. ಲೋಕಲ್ ಚಾನೆಲ್‌ನಲ್ಲಿ ಪ್ರತಿ ಭಾನುವಾರ ರಾತ್ರಿ ಅರ್ಧ ಗಂಟೆ ಕನ್ನಡ ವಾರ್ತೆ ಕೊಡುತ್ತಿದ್ದೆವು. ಬೆಂಗಳೂರಿನ ಚಾನೆಲ್‌ಗಳಲ್ಲಿ ನಮ್ಮ ಊರು ಬರುವುದು ಅಪರೂಪ. ಮಲಯಾಳ ಚಾನೆಲ್‌ಗಳಲ್ಲಿ ಊರು ಬರುತ್ತದೆ, ಕನ್ನಡ ಬರುವುದಿಲ್ಲ.

ಅದು ಯಾಕೆ ಹೀಗೆ ಅಂತ ಗೊತ್ತಾದದ್ದು ಜಾಹೀರಾತು ಕೇಳಲು ಮಂಗಳೂರಿಗೆ ಹೋದಾಗ. "ನಿಮ್ಮದು ಕೇರಳ ಮಾರ್ಕೆಟ್ ಅಲ್ವಾ? ಕನ್ನಡದ ಬಜೆಟ್ ಅಲ್ಲಿಗೆ ಇಲ್ಲ" ಅಂದರು. ಟಿಆರ್‌ಪಿ (ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅನ್ನುವುದು) ಲೆಕ್ಕ ಹಾಕುವುದು ರಾಜ್ಯವಾರು. ಕಾಸರಗೋಡಿನವರು ಎಷ್ಟೇ ಕನ್ನಡ ಟಿವಿ ನೋಡಿದರೂ ಕರ್ನಾಟಕದ ಲೆಕ್ಕಕ್ಕೆ ಸೇರುವುದಿಲ್ಲ. ಮತ್ತೆ ಯಾವ ಚಾನೆಲ್ ಇಲ್ಲಿಗೆ ಕ್ಯಾಮೆರಾ ಕಳಿಸುತ್ತದೆ?

ಕೊನೆಗೆ ಊರಿನ ಅಂಗಡಿಗಳೇ ಗತಿಯಾದವು. ಮದುವೆ ಸೀಸನ್‌ನಲ್ಲಿ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಹಾಲ್ ಎಲ್ಲ ಬರುತ್ತವೆ. ಜೋರು ಮಳೆಯ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಜಾಹೀರಾತೂ ಇಲ್ಲ. ಆದರೆ ಸುದ್ದಿ ಜಾಸ್ತಿ ಇರುವುದು ಆಗಲೇ. ಅಡಿಕೆಗೆ ಕೊಳೆರೋಗ, ಗುಡ್ಡ ಜರಿದ ರಸ್ತೆ, ಮೂರು ದಿನ ಕರೆಂಟಿಲ್ಲ. ಅದೇ ತಿಂಗಳು ನಮ್ಮ ಕೈಯಲ್ಲಿ ಕ್ಯಾಮೆರಾ ಬಾಡಿಗೆಗೂ ದುಡ್ಡಿಲ್ಲ.

ಒಂದು ಸಲ ಒಬ್ಬ ಜಾಹೀರಾತುದಾರರ ಕೊಳಕು ನೀರು ತೋಡಿಗೆ, ಅಂದರೆ ಊರಿನ ಸಣ್ಣ ಹಳ್ಳಕ್ಕೆ, ಬರುತ್ತಿತ್ತು. ನಾವು ಶೂಟ್ ಮಾಡಿದೆವು. ಶನಿವಾರ ಫೋನ್ ಬಂತು. ನಾನು ಆ ಸುದ್ದಿ ತೆಗೆದೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಮುಂದಿನ ವಾರ ನಮ್ಮ ವಾರ್ತೆ ಓದುವ ಮಾಷ್ಟ್ರು ಒಂದು ಹಳೆಯ ಲೈಸೆನ್ಸ್ ಪುಸ್ತಕ ತಂದರು. ರೇಡಿಯೋ ಇಟ್ಟುಕೊಳ್ಳಲು ಅವರ ಅಪ್ಪ ವರ್ಷವರ್ಷ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿದ್ದು. ಟಿವಿಗೂ ಹಾಗೇ ಇತ್ತು. ಎಂಬತ್ತರ ದಶಕದಲ್ಲಿ ಅದು ನಿಂತಿತು. ಬ್ರಿಟನ್ನಿನಲ್ಲಿ ಇನ್ನೂ ಇದೆ, ಬಿಬಿಸಿ ನಡೆಯುವುದು ಮುಖ್ಯವಾಗಿ ಅದರಿಂದಲೇ. "ನಮ್ಮ ಮನೆಗಳವರೂ ಕೊಡಲಿ ಮಾರಾಯ" ಅಂದರು ಮಾಷ್ಟ್ರು. ಇನ್ನೊಂದು ಮಾತೂ ಹೇಳಿದರು. ದೆಹಲಿ ದೂರದರ್ಶನದಲ್ಲಿ 'ಕೃಷಿ ದರ್ಶನ' ಶುರುವಾದದ್ದು 1967ರಲ್ಲಿ, ಟಿವಿಗೆ ಜಾಹೀರಾತು ಬಂದದ್ದು 1976ರಲ್ಲಿ. ಜಾಹೀರಾತಿಗೆ ಕಾದಿದ್ದರೆ ರೈತರಿಗೆ ಆ ಒಂಬತ್ತು ವರ್ಷ ಸಿಗುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ತಿಂಗಳಿಗೆ ಹತ್ತು ರೂಪಾಯಿ, ಮನಸ್ಸಿದ್ದವರು ಮಾತ್ರ. ಕೇಬಲ್ ಬಿಲ್ಲಿಗೆ ಸೇರಿಸಲಿಲ್ಲ, ಬೇರೆಯೇ ರಶೀದಿ. ಇದು ಬಹಳ ಮುಖ್ಯ. ಬಿಲ್ಲಿಗೆ ಸೇರಿಸಿದರೆ ಜನ ಅದನ್ನು ದರ ಏರಿಕೆ ಅಂದುಕೊಳ್ಳುತ್ತಾರೆ. ತಿಂಗಳ ಕೊನೆಯ ವಾರ್ತೆಯಲ್ಲಿ ಬಂದದ್ದು, ಖರ್ಚಾದದ್ದು ಒಂದು ನಿಮಿಷ ಪರದೆಯ ಮೇಲೆ ತೋರಿಸಿದೆವು. ಮೊದಲ ತಿಂಗಳು ಎಂಬತ್ತು ಮನೆ. ವರ್ಷ ಕಳೆಯುವಾಗ ಮುನ್ನೂರ ಹತ್ತು.

ತಿಂಗಳಿಗೆ ಖರ್ಚು ಆರೂವರೆ ಸಾವಿರ, ವಂತಿಗೆ ಮೂರು ಸಾವಿರದ ನೂರು. ಪೂರ್ತಿ ಸಾಲುವುದಿಲ್ಲ. ಹಾಗಾಗಿ ಜಾಹೀರಾತು ಬಿಡಲಿಲ್ಲ, ಮಿತಿ ಹಾಕಿದೆ. ಕಾಯಿದೆ ಪ್ರಕಾರ ಗಂಟೆಗೆ 12 ನಿಮಿಷ ಹಾಕಬಹುದು. ನಾವು ಅರ್ಧ ಗಂಟೆಗೆ ನಾಲ್ಕೇ ನಿಮಿಷ ಇಟ್ಟೆವು, ಅದೂ ಸುದ್ದಿ ಮುಗಿದ ಮೇಲೆ. ಶೂಟಿಂಗ್ ಮತ್ತು ಪೆಟ್ರೋಲ್ ವಂತಿಗೆಯಿಂದ, ಎಡಿಟಿಂಗ್ ಜಾಹೀರಾತಿನಿಂದ. ಯಾವ ಊರಿಗೆ ಹೋಗಬೇಕು ಅನ್ನುವುದು ಅಂಗಡಿಯವರ ಕೈಯಲ್ಲಿ ಇರಬಾರದು, ಅದಕ್ಕೆ ಹೀಗೆ ವಿಂಗಡಿಸಿದ್ದು.

ವಂತಿಗೆ ಕೊಟ್ಟವರಿಂದಲೂ ಒತ್ತಡ ಬಂತು. "ಹತ್ತು ರೂಪಾಯಿ ಕೊಡ್ತೇನಲ್ಲ, ಮಗಳ ಮದುವೆ ತೋರಿಸಿ" ಅಂದರು ಒಬ್ಬರು. ಪಂಚಾಯತಿನಿಂದ ಹಣ ಕೊಡಿಸುತ್ತೇವೆ ಅಂದವರೂ ಇದ್ದರು. ಬೇಡ ಅಂದೆ. ರಸ್ತೆಯ ಗುಂಡಿ ತೋರಿಸುವವನು ರಸ್ತೆ ಮಾಡಿಸುವವರ ಹಣ ತಗೊಂಡರೆ ಆಗುತ್ತದಾ? ದೂರದರ್ಶನ, ಆಕಾಶವಾಣಿ ಸರ್ಕಾರದ ಹಿಡಿತದಿಂದ ಹೊರಗಿರಲಿ ಅಂತ ಮಾಡಿದ ಸಂಸ್ಥೆ ಪ್ರಸಾರ ಭಾರತಿ. ಅದಕ್ಕೆ 1990ರಲ್ಲಿ ಕಾಯಿದೆಯಾಗಿ 1997ರಲ್ಲಿ ಜಾರಿಗೆ ಬಂತು. ಆದರೂ ದೊಡ್ಡ ಪಾಲು ಹಣ ಇವತ್ತಿಗೂ ಕೇಂದ್ರ ಸರ್ಕಾರದ್ದೇ. ಜನರ ಹಣ ಬೇರೆ, ಸರ್ಕಾರ ಕೊಡುವ ಹಣ ಬೇರೆ ಅಂತ ನನಗೆ ಅನಿಸಿದ್ದು ಆಗ.

ಮರುವರ್ಷದ ಆಟಿಯಲ್ಲಿ ತೋಡಿನ ಸುದ್ದಿ ಹಾಕಿದೆವು. ಆ ಜಾಹೀರಾತು ನಿಂತಿತು. ಅದೇ ವಾರ ಪೆರ್ಲ ಕಡೆಯ ಒಬ್ಬರು ಅಕ್ಕ ವರ್ಷದ ನೂರ ಇಪ್ಪತ್ತು ರೂಪಾಯಿ ಒಟ್ಟಿಗೆ ಕೊಟ್ಟು, ರಶೀದಿಯಲ್ಲಿ "ವಾರ್ತೆಗೆ" ಅಂತ ಬರೆಸಿಕೊಂಡರು.